ಮಂಡಿ ನೋವೆಂದು ಕುಂಟುವ ಮಗು: ತೊಂದರೆ ಸೊಂಟದ ಕೀಲಿನಲ್ಲಿರಬಹುದು



ಸಂಘದ ಸಭೆಯಲ್ಲಿ ಮಕ್ಕಳ ಆರೋಗ್ಯದ ಮಾತು ಬಂದಾಗಲೆಲ್ಲ ನಾವು ಹೆಚ್ಚಾಗಿ ಮಾತಾಡಿದ್ದು ಅಪೌಷ್ಟಿಕತೆಯ ಬಗ್ಗೆ. ಮಗು ಸೊರಗಿದೆ, ಮೈಯಲ್ಲಿ ರಕ್ತ ಕಡಿಮೆ, ತೂಕ ಏರುತ್ತಿಲ್ಲ ಎಂಬುದೇ ನಮ್ಮ ಚಿಂತೆ. ಆ ಸಮಸ್ಯೆ ಇನ್ನೂ ಮುಗಿದಿಲ್ಲ. ಆದರೆ ಅದೇ ಊರಿನಲ್ಲಿ, ಕೆಲವು ಸಲ ಅದೇ ಬೀದಿಯಲ್ಲಿ, ಇನ್ನೊಂದು ಮಗುವಿನ ತೂಕ ವಯಸ್ಸಿಗೂ ಎತ್ತರಕ್ಕೂ ಮೀರಿ ಏರುತ್ತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ತೂಕ ಹೆಚ್ಚಿದ್ದವರು 2015-16ರಲ್ಲಿ ನೂರಕ್ಕೆ 2.1 ಇದ್ದರು. 2019-21ರ ಹೊತ್ತಿಗೆ ಅದು 3.4 ಆಯಿತು. ಸಂಖ್ಯೆ ಸಣ್ಣದೇ, ಆದರೆ ಏರುತ್ತಿದೆ.

"ಮಗು ದುಂಡಗಿದ್ದರೆ ಆರೋಗ್ಯವಾಗಿದೆ" ಎಂಬ ಮಾತು ನಮ್ಮಲ್ಲಿ ಹಳೆಯದು. ಹೆಚ್ಚು ತೂಕದಿಂದ ಮುಂದೆ ಸಕ್ಕರೆ ಕಾಯಿಲೆ, ಬಿ.ಪಿ. ಬರುತ್ತದೆ ಅಂತ ಈಗ ತುಂಬಾ ಜನ ಕೇಳಿದ್ದೀರಿ. ಅದರ ತೊಂದರೆ ಮಗುವಿನ ಸೊಂಟದ ಕೀಲಿಗೂ ಕಾಲಿನ ಮೂಳೆಗೂ ತಟ್ಟುತ್ತದೆ, ಅದೂ ಬೆಳೆಯುವ ವಯಸ್ಸಿನಲ್ಲೇ ತಟ್ಟುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಈ ಲೇಖನದಲ್ಲಿ ಅದನ್ನೇ ತಿಳಿದುಕೊಳ್ಳೋಣ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಉಳಿದದ್ದು ಮರೆತರೂ ಇದನ್ನು ಮರೆಯಬೇಡಿ. ಒಂಬತ್ತರಿಂದ ಹದಿನಾರು ವರ್ಷದ ಮಗು, ಅದರಲ್ಲೂ ಮೈಭಾರದ ಮಗು, ಮಂಡಿ ನೋವು ಅಥವಾ ತೊಡೆ ನೋವು ಅಂತ ಹೇಳಿ ಕುಂಟುತ್ತಿದ್ದರೆ ಸೊಂಟದ ಕೀಲಿನ ಎಕ್ಸ್‌ರೇ ತೆಗೆಸಲೇಬೇಕು. ಅಲ್ಲಿಯವರೆಗೆ ಮಗುವನ್ನು ನಡೆಸಬಾರದು, ತಿಕ್ಕಿಸಬಾರದು.

ಬೆಳೆಯುವ ಮೂಳೆಯ ಒಳಗೆ ಏನಿದೆ?

ದೊಡ್ಡವರ ಮೂಳೆಗೂ ಮಕ್ಕಳ ಮೂಳೆಗೂ ವ್ಯತ್ಯಾಸ ಇದೆ. ಮಕ್ಕಳ ಉದ್ದ ಮೂಳೆಗಳ ತುದಿಯ ಹತ್ತಿರ ಮೃದುವಾದ ಒಂದು ಪದರ ಇರುತ್ತದೆ. ಅದನ್ನು ಬೆಳವಣಿಗೆಯ ಪದರ ಎನ್ನಬಹುದು. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಹುಡುಗ ಹುಡುಗಿಯರು ಎತ್ತರ ಬೆಳೆಯುವುದು ನಿಂತ ಮೇಲೆ ಆ ಪದರ ಗಟ್ಟಿಯಾಗಿ ಮೂಳೆಯೊಂದಿಗೆ ಒಂದಾಗುತ್ತದೆ.

ಗೋಡೆ ಕಟ್ಟುವುದನ್ನು ನೀವೆಲ್ಲ ನೋಡಿದ್ದೀರಿ. ಇಟ್ಟಿಗೆ ಗಟ್ಟಿ ಇರುತ್ತದೆ, ನಡುವಿನ ಗಾರೆ ಇನ್ನೂ ಹಸಿ. ಆಗಲೇ ಮೇಲೆ ಭಾರ ಹೇರಿದರೆ ಇಟ್ಟಿಗೆ ಒಡೆಯುವುದಿಲ್ಲ, ಹಸಿ ಗಾರೆಯ ಮೇಲೆ ಜಾರುತ್ತದೆ. ಬೆಳೆಯುವ ಮೂಳೆಯಲ್ಲೂ ಹೀಗೆಯೇ. ಬೆಳವಣಿಗೆಯ ಪದರವೇ ಅಲ್ಲಿ ಬಲಹೀನ ಜಾಗ.

ತೊಡೆಮೂಳೆಯ ಮೇಲಿನ ತುದಿಯಲ್ಲಿ ಚೆಂಡಿನಂಥ ತಲೆ ಇದೆ. ಅದು ಸೊಂಟದ ಮೂಳೆಯ ಬಟ್ಟಲಿನೊಳಗೆ ಕೂತು ತಿರುಗುತ್ತದೆ. ಇದೇ ಸೊಂಟದ ಕೀಲು. ನಾವು ನಡೆಯುವಾಗ ಈ ಕೀಲಿನ ಮೇಲೆ ಬೀಳುವ ಒತ್ತಡ ನಮ್ಮ ತೂಕದಷ್ಟೇ ಅಲ್ಲ, ಅದರ ಸುಮಾರು ಎರಡೂವರೆ ಪಟ್ಟು. ಓಡಿದರೆ, ಹಾರಿದರೆ ಇನ್ನೂ ಹೆಚ್ಚು. ಮಗುವಿನ ತೂಕ ಹತ್ತು ಕಿಲೋ ಜಾಸ್ತಿ ಇದ್ದರೆ ಪ್ರತಿ ಹೆಜ್ಜೆಗೂ ಆ ಕೀಲಿನ ಮೇಲೆ ಸುಮಾರು 25 ಕಿಲೋ ಜಾಸ್ತಿ ಬೀಳುತ್ತದೆ ಅಂತ ಲೆಕ್ಕ ಹಾಕಿಕೊಳ್ಳಿ.

ಚೆಂಡು ಜಾರುವ ಕಾಯಿಲೆ

ಹೀಗೆ ಒತ್ತಡ ಬಿದ್ದು ಬಿದ್ದು ತೊಡೆಮೂಳೆಯ ತಲೆ ಬೆಳವಣಿಗೆಯ ಪದರದ ಜಾಗದಲ್ಲಿ ಜಾರಬಹುದು. ಡಾಕ್ಟರುಗಳು ಇದನ್ನು ಸ್ಲಿಪ್ಡ್ ಕ್ಯಾಪಿಟಲ್ ಫೆಮೊರಲ್ ಎಪಿಫೈಸಿಸ್ ಎನ್ನುತ್ತಾರೆ, ಚಿಕ್ಕದಾಗಿ ಎಸ್.ಸಿ.ಎಫ್.ಇ. ಹೆಸರು ಬಾಯಿಪಾಠ ಮಾಡಬೇಕಾಗಿಲ್ಲ. "ಸೊಂಟದ ಕೀಲಿನ ಚೆಂಡು ಜಾರಿದೆಯಾ ನೋಡಿ ಡಾಕ್ಟರೇ" ಅಂತ ಕೇಳಿದರೆ ಸಾಕು.

ಇದು ಅಪರೂಪದ ಕಾಯಿಲೆ, ಗಾಬರಿ ಬೇಡ. ಆದರೆ ತೂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಸ್ಕಾಟ್‌ಲೆಂಡ್ ದೇಶದಲ್ಲಿ ಶಾಲೆಗಳಲ್ಲಿ ಬರೆದಿಟ್ಟ ಸುಮಾರು 6 ಲಕ್ಷ ಮಕ್ಕಳ ತೂಕ-ಎತ್ತರದ ದಾಖಲೆಗಳನ್ನು ಆಸ್ಪತ್ರೆಯ ದಾಖಲೆಗಳ ಜೊತೆ ಹೋಲಿಸಿ ನೋಡಿದರು. ಅದರ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಐದಾರು ವರ್ಷಕ್ಕೇ ತೀರಾ ದಪ್ಪ ಇದ್ದ ಮಕ್ಕಳಿಗೆ ಈ ಕಾಯಿಲೆ ಬರುವ ಸಂಭವ ಸರಿಯಾದ ತೂಕದ ಮಕ್ಕಳಿಗಿಂತ ಸುಮಾರು 6 ಪಟ್ಟು. ಹನ್ನೊಂದು-ಹನ್ನೆರಡು ವರ್ಷದಲ್ಲಿ ತೀರಾ ದಪ್ಪ ಇದ್ದವರಿಗೆ 17 ಪಟ್ಟು. ಇನ್ನೊಂದು ಮಾತೂ ಅದರಲ್ಲಿ ಕಂಡುಬಂತು. ಐದಾರು ವರ್ಷಕ್ಕೆ ಸ್ಥೂಲಕಾಯ ಇದ್ದ ನಾಲ್ಕು ಮಕ್ಕಳಲ್ಲಿ ಮೂವರು ಹನ್ನೆರಡು ವರ್ಷದ ಹೊತ್ತಿಗೂ ಹಾಗೆಯೇ ಇದ್ದರು. "ದೊಡ್ಡವನಾದ ಮೇಲೆ ಇಳಿದು ಹೋಗ್ತದೆ ಬಿಡಿ" ಎಂಬ ನಮ್ಮ ಸಮಾಧಾನ ಎಷ್ಟೋ ಸಲ ನಿಜವಾಗುವುದಿಲ್ಲ.

ತೂಕ ಒಂದೇ ಕಾರಣ ಅಂತಲೂ ತಿಳಿಯಬಾರದು. ಥೈರಾಯ್ಡ್ ಕೊರತೆ, ಮೂತ್ರಪಿಂಡದ ಕಾಯಿಲೆ ಇರುವ ಮಕ್ಕಳಲ್ಲಿ ತೆಳ್ಳಗಿದ್ದರೂ ಇದು ಬರಬಹುದು. ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 2013ರಲ್ಲಿ ಈ ಕಾಯಿಲೆಯ ಜೊತೆ ವಿಟಮಿನ್ ಡಿ ಕೊರತೆಯೂ ಇದ್ದ 15 ಮಕ್ಕಳ ಬಗ್ಗೆ ಬರೆದಿದ್ದಾರೆ. ಆದ್ದರಿಂದ ಮಗು ಸಣಕಲಾಗಿದೆ ಎಂಬ ಒಂದೇ ಕಾರಣಕ್ಕೆ ಕುಂಟನ್ನು ಅಲಕ್ಷಿಸುವಂತಿಲ್ಲ.

ಮಂಡಿ ಯಾಕೆ ನೋಯುತ್ತದೆ?

ಎಲ್ಲರೂ ಮೋಸ ಹೋಗುವುದು ಇಲ್ಲೇ. ಜಾರಿರುವುದು ಸೊಂಟದ ಕೀಲು, ಆದರೆ ಮಗು ಕೈ ಇಟ್ಟು ತೋರಿಸುವುದು ಮಂಡಿಯನ್ನು. ಸೊಂಟದ ಕೀಲಿಗೂ ಮಂಡಿಗೂ ಹೋಗುವ ನರಗಳಲ್ಲಿ ಕೆಲವು ಒಂದೇ. ಹಾಗಾಗಿ ಮೇಲಿನ ನೋವು ಕೆಳಗೆ ಕಾಣಿಸಿಕೊಳ್ಳುತ್ತದೆ. ಮಂಡಿಯ ಎಕ್ಸ್‌ರೇ ತೆಗೆಸಿ, ಅದರಲ್ಲಿ ಏನೂ ಇಲ್ಲ ಅಂತ ಮುಲಾಮು, ಮಾತ್ರೆ ಕೊಟ್ಟು ಕಳಿಸುವುದೂ ಉಂಟು. ಹೀಗೆ ವಾರಗಳು, ತಿಂಗಳುಗಳು ಕಳೆದುಹೋಗುತ್ತವೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಏಳನೇ ತರಗತಿಯ ಹುಡುಗ, ಮೈ ಸ್ವಲ್ಪ ಭಾರ. ಎರಡು ತಿಂಗಳಿಂದ ಆಗಾಗ ಮಂಡಿ ನೋವು ಅಂತಾನೆ. ಮನೆಯಲ್ಲಿ "ಬೆಳೆಯೋ ವಯಸ್ಸು, ಕಾಲು ನೋಯ್ತದೆ" ಅಂತ ಎಣ್ಣೆ ತಿಕ್ಕುತ್ತಾರೆ. ಶಾಲೆಯಲ್ಲಿ "ಸೋಮಾರಿ, ಎರಡು ಸುತ್ತು ಓಡು" ಅನ್ನುತ್ತಾರೆ. ಗೆಳೆಯರು ಡುಮ್ಮ ಅಂತ ನಗುತ್ತಾರೆ. ಹುಡುಗ ನೋವು ಹೇಳುವುದನ್ನೇ ಬಿಡುತ್ತಾನೆ. ಒಂದು ದಿನ ಮೆಟ್ಟಿಲು ಇಳಿಯುವಾಗ ಸಣ್ಣದಾಗಿ ಕಾಲು ತಪ್ಪುತ್ತದೆ. ಸ್ವಲ್ಪ ಜಾರಿದ್ದ ಚೆಂಡು ಪೂರ್ತಿ ಜಾರಿಬಿಡುತ್ತದೆ. ಆಮೇಲೆ ಆ ಕಾಲನ್ನು ನೆಲಕ್ಕೆ ಊರಲು ಆಗುವುದಿಲ್ಲ.

ಈ ಎರಡು ಹಂತಗಳ ನಡುವೆ ತುಂಬಾ ವ್ಯತ್ಯಾಸ ಇದೆ. ಕುಂಟುತ್ತಾ ಆದರೂ ನಡೆಯಲು ಆಗುತ್ತಿರುವಾಗಲೇ ಚಿಕಿತ್ಸೆ ಸಿಕ್ಕರೆ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಆಗುತ್ತಾರೆ. ನಡೆಯಲು ಆಗದ ಹಂತಕ್ಕೆ ಬಂದರೆ ಮೂಳೆಯ ತಲೆಗೆ ರಕ್ತ ಹೋಗುವುದೇ ನಿಂತು, ಆ ಭಾಗ ಸಾಯುವ ಅಪಾಯ ತುಂಬಾ ಹೆಚ್ಚು. ಹಾಗಾದರೆ ಕಾಲು ಗಿಡ್ಡವಾಗುತ್ತದೆ, ಕೀಲು ಸವೆಯುತ್ತದೆ. ಯೌವನದಲ್ಲೇ ಕೃತಕ ಕೀಲು ಹಾಕಿಸಬೇಕಾದ ಸ್ಥಿತಿ ಬರಬಹುದು.

ಗುರುತಿಸುವುದು ಹೇಗೆ?

1. ಮಂಡಿ, ತೊಡೆ ಅಥವಾ ತೊಡೆಸಂದಿನಲ್ಲಿ ನೋವು. ಬಂದು ಹೋಗಿ ಮಾಡಬಹುದು. ಪೆಟ್ಟು ಬಿದ್ದ ನೆನಪೇ ಇಲ್ಲದಿರಬಹುದು.
2. ಕುಂಟು. ನಡೆದಷ್ಟೂ, ಆಡಿದಷ್ಟೂ ಜಾಸ್ತಿ.
3. ಒಂದು ಪಾದ ಹೊರಕ್ಕೆ ತಿರುಗಿಕೊಂಡೇ ಇರುವುದು. ಮಗು ಅಂಗಾತ ಮಲಗಿದಾಗ ಎರಡೂ ಪಾದ ನೋಡಿದರೆ ತಿಳಿಯುತ್ತದೆ.
4. ಚಕ್ಕಲಮಕ್ಕಲ ಹಾಕಿ ಕೂರಲು, ಕುಕ್ಕರಗಾಲಲ್ಲಿ ಕೂರಲು, ಚಪ್ಪಲಿ ಅಥವಾ ಬೂಟು ಹಾಕಿಕೊಳ್ಳಲು ಕಷ್ಟ.
5. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡ ಕಾಣುವುದು, ಒಂದು ತೊಡೆ ಸೊರಗುವುದು.

ಬೆಳೆಯುವ ಮಕ್ಕಳಿಗೆ ಬರುವ ಸಾಮಾನ್ಯ ಕಾಲು ನೋವು ಬೇರೆ. ಅದು ಹೆಚ್ಚಾಗಿ ಸಂಜೆ ಅಥವಾ ರಾತ್ರಿ, ಎರಡೂ ಕಾಲಲ್ಲಿ ಬರುತ್ತದೆ. ಬೆಳಿಗ್ಗೆ ಎದ್ದರೆ ಮಗು ಎಂದಿನಂತೆ ಓಡಾಡುತ್ತದೆ, ಕುಂಟುವುದಿಲ್ಲ. ಕುಂಟು ಇದ್ದರೆ ಅದನ್ನು ಬೆಳೆಯುವ ನೋವು ಅಂತ ಬಿಡಬಾರದು. ಹಾಗೆಯೇ ಜ್ವರದ ಜೊತೆ ಕಾಲು ಊರಲು ಆಗದಿದ್ದರೆ ಕೀಲಿನೊಳಗೆ ಕೀವು ಆಗಿರಬಹುದು. ಅದಕ್ಕೂ ಅದೇ ದಿನ ಆಸ್ಪತ್ರೆ ಬೇಕು.

ತಕ್ಷಣ ಮಾಡಬೇಕಾದದ್ದು

ಮಗುವನ್ನು ನಡೆಸಬೇಡಿ. ಎತ್ತಿಕೊಂಡು ಅಥವಾ ಗಾಡಿಯಲ್ಲಿ ಮಲಗಿಸಿಕೊಂಡು ಹೋಗಿ. ಕಾಲು ಊರಲು ಆಗದಿದ್ದರೆ 108ಕ್ಕೆ ಫೋನ್ ಮಾಡಿ. ಎಣ್ಣೆ ಹಾಕಿ ತಿಕ್ಕುವುದು, ಎಳೆಯುವುದು, ಪಟ್ಟು ಕಟ್ಟುವುದು ಬೇಡವೇ ಬೇಡ. ಮುರಿದ ಮೂಳೆ ಕೂಡಿಸಲು ನಾಟಿ ವೈದ್ಯರ ಹತ್ತಿರ ಹೋಗುವ ರೂಢಿ ನಮ್ಮಲ್ಲಿ ಇದೆ. ಈ ಕಾಯಿಲೆಯಲ್ಲಿ ಒಂದು ಸಲ ಜೋರಾಗಿ ಎಳೆದರೂ ಮೂಳೆಯ ತಲೆಗೆ ಹೋಗುವ ರಕ್ತನಾಳ ಹರಿಯಬಹುದು.

ಆಸ್ಪತ್ರೆಯಲ್ಲಿ ಎರಡೂ ಸೊಂಟದ ಕೀಲುಗಳ ಎಕ್ಸ್‌ರೇ ಬೇಕು ಅಂತ ಕೇಳಿ. ಮುಂದಿನಿಂದ ಒಂದು, ಪಕ್ಕದಿಂದ ಒಂದು ತೆಗೆಯುತ್ತಾರೆ. ಶುರುವಿನಲ್ಲಿ ಜಾರಿರುವುದು ಪಕ್ಕದ ಎಕ್ಸ್‌ರೇಯಲ್ಲೇ ಚೆನ್ನಾಗಿ ಕಾಣುವುದು. ಒಂದು ಕಡೆ ಜಾರಿದ ಮಕ್ಕಳಲ್ಲಿ ನೂರಕ್ಕೆ 20ರಿಂದ 40 ಮಂದಿಗೆ ಇನ್ನೊಂದು ಕಡೆಯೂ ಜಾರುತ್ತದೆ. ಅದಕ್ಕೇ ಎರಡೂ ಕಡೆ ನೋಡಬೇಕು.

ಚಿಕಿತ್ಸೆ ಆಪರೇಶನ್ನೇ. ಹೆಚ್ಚಿನ ಮಕ್ಕಳಿಗೆ ಸಣ್ಣ ಗಾಯ ಮಾಡಿ ಒಂದು ಸ್ಕ್ರೂ ಹಾಕಿ, ಚೆಂಡು ಇನ್ನೂ ಜಾರದಂತೆ ನಿಲ್ಲಿಸುತ್ತಾರೆ. ಜಾರಿದ್ದು ಪೂರ್ತಿ ಮೊದಲಿನ ಜಾಗಕ್ಕೆ ಬರಲಿಕ್ಕಿಲ್ಲ, ಆದರೆ ಮುಂದಕ್ಕೆ ಜಾರುವುದು ನಿಲ್ಲುತ್ತದೆ. ಬೇಗ ಬಂದಷ್ಟೂ ಒಳ್ಳೆಯದು ಎನ್ನುವುದು ಅದಕ್ಕೇ. ಆಮೇಲೆ ಕೆಲವು ವಾರ ಊರುಗೋಲು. ಬೆಳವಣಿಗೆ ಮುಗಿಯುವವರೆಗೆ ಡಾಕ್ಟರು ಹೇಳಿದ ದಿನಕ್ಕೆ ತೋರಿಸುತ್ತಲೇ ಇರಬೇಕು. ನೋವು ಹೋಯಿತು ಅಂತ ನಿಲ್ಲಿಸಬಾರದು.

ಖರ್ಚಿನ ಭಯದಿಂದ ತಡ ಮಾಡಬೇಡಿ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯ ಇದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿಟ್ಟುಕೊಂಡು ಮೊದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ಅಲ್ಲಿನ ಆರೋಗ್ಯಮಿತ್ರರನ್ನು ಕೇಳಿದರೆ ಯಾವ ಚಿಕಿತ್ಸೆ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ. ಬೆಂಗಳೂರಿನಲ್ಲಿ ಸಂಜಯ್ ಗಾಂಧಿ ಮೂಳೆ ಚಿಕಿತ್ಸಾ ಸಂಸ್ಥೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇವು ಸರಕಾರದ ದೊಡ್ಡ ಆಸ್ಪತ್ರೆಗಳು.

ಬಿಲ್ಲಿನಂತೆ ಬಾಗುವ ಕಾಲು

ತೂಕದ ಜೊತೆ ಸಂಬಂಧ ಇರುವ ಇನ್ನೊಂದು ತೊಂದರೆ ಬ್ಲೌಂಟ್ ಕಾಯಿಲೆ. ಅಮೆರಿಕದ ವೈದ್ಯ ವಾಲ್ಟರ್ ಬ್ಲೌಂಟ್ 1937ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು. ಅವರ ಹೆಸರೇ ಉಳಿದಿದೆ. ಇಲ್ಲಿ ಕೆಡುವುದು ಮಂಡಿಯ ಕೆಳಗಿನ ಮೂಳೆಯ ಒಳಬದಿ. ಭಾರ ಬಿದ್ದು ಒಳಬದಿಯ ಬೆಳವಣಿಗೆ ನಿಧಾನವಾಗುತ್ತದೆ, ಹೊರಬದಿ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗುತ್ತದೆ. ಬೇಗ ನಡೆಯಲು ಕಲಿತ, ಮೈಭಾರದ ಪುಟ್ಟ ಮಕ್ಕಳಲ್ಲಿ ಒಂದು ವಿಧ. ಹತ್ತು ವರ್ಷ ದಾಟಿದ ದಪ್ಪ ಮಕ್ಕಳಲ್ಲಿ ಇನ್ನೊಂದು ವಿಧ.

ಎಲ್ಲಾ ಬಾಗಿದ ಕಾಲೂ ಕಾಯಿಲೆಯಲ್ಲ. ಎರಡು ವರ್ಷದವರೆಗೆ ಮಕ್ಕಳ ಕಾಲು ಸ್ವಲ್ಪ ಬಾಗಿರುವುದು ಸಹಜ. ಮೂರು-ನಾಲ್ಕು ವರ್ಷಕ್ಕೆ ಮಂಡಿಗಳು ಒಂದಕ್ಕೊಂದು ತಾಗುವಂತೆ ಇರುವುದೂ ಸಹಜ. ಏಳು ವರ್ಷದ ಹೊತ್ತಿಗೆ ಸರಿಹೋಗುತ್ತದೆ. ಎರಡು ವರ್ಷ ಕಳೆದ ಮೇಲೂ ಬಾಗು ಹೆಚ್ಚುತ್ತಾ ಹೋದರೆ, ಒಂದೇ ಕಾಲು ಬಾಗಿದರೆ, ನಡೆಯುವಾಗ ಮಂಡಿ ಹೊರಕ್ಕೆ ವಾಲಿದರೆ ಮೂಳೆ ಡಾಕ್ಟರಿಗೆ ತೋರಿಸಿ. ವಿಟಮಿನ್ ಡಿ ಮತ್ತು ಸುಣ್ಣದ ಅಂಶದ ಕೊರತೆಯಿಂದ ಬರುವ ರಿಕೆಟ್ಸ್‌ನಲ್ಲೂ ಕಾಲು ಬಾಗುತ್ತದೆ. ಯಾವುದು ಅಂತ ಎಕ್ಸ್‌ರೇ, ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ. ಬೆಳವಣಿಗೆ ಇನ್ನೂ ಬಾಕಿ ಇರುವಾಗಲೇ ಬಂದರೆ ಚಿಕ್ಕ ಪ್ಲೇಟು ಹಾಕಿ ಕಾಲನ್ನು ನಿಧಾನವಾಗಿ ನೇರ ಮಾಡುವ ಅವಕಾಶ ಇರುತ್ತದೆ. ತಡವಾದರೆ ಮೂಳೆ ಕತ್ತರಿಸಿ ಕೂಡಿಸುವ ದೊಡ್ಡ ಆಪರೇಶನ್ ಬೇಕಾಗುತ್ತದೆ.

ತೂಕ ಹೆಚ್ಚಿದೆಯಾ ಅಂತ ತಿಳಿಯುವುದು ಹೇಗೆ?

ಕಣ್ಣಂದಾಜು ಸಾಲದು. ಕಿಲೋ ಲೆಕ್ಕದ ತೂಕವನ್ನು, ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಬೇಕು. ಉದಾಹರಣೆಗೆ ಎತ್ತರ 1.45 ಮೀಟರ್, ತೂಕ 55 ಕಿಲೋ ಇದ್ದರೆ ಉತ್ತರ ಸುಮಾರು 26. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಂತೆ 12 ವರ್ಷದ ಹುಡುಗನಿಗೆ ಇದು ಸುಮಾರು 20 ದಾಟಿದರೆ ಹೆಚ್ಚು ತೂಕ, ಸುಮಾರು 24 ದಾಟಿದರೆ ಸ್ಥೂಲಕಾಯ. ಅದೇ ವಯಸ್ಸಿನ ಹುಡುಗಿಗೆ ಸುಮಾರು 21 ಮತ್ತು 25. ಪ್ರತಿ ವಯಸ್ಸಿಗೂ ಬೇರೆ ಬೇರೆ ಸಂಖ್ಯೆ ಇದೆ, ದೊಡ್ಡವರ ಲೆಕ್ಕ ಮಕ್ಕಳಿಗೆ ಹಾಕಬಾರದು. ಲೆಕ್ಕ ಕಷ್ಟ ಅನಿಸಿದರೆ ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಅಥವಾ ಶಾಲೆಗೆ ಬರುವ ಆರೋಗ್ಯ ತಂಡದವರನ್ನು ಕೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರಕಾರಿ ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಸಲ ಬರಬೇಕು.

ಮನೆಯಲ್ಲಿ ಏನು ಬದಲಿಸಬಹುದು?

ಬೆಳೆಯುವ ಮಗುವನ್ನು ಉಪವಾಸ ಹಾಕಬೇಡಿ. ಮಗು ಎತ್ತರ ಬೆಳೆಯುತ್ತಿರುವಾಗ ತೂಕ ಏರದಂತೆ ನೋಡಿಕೊಂಡರೂ ಎಷ್ಟೋ ಮಕ್ಕಳಿಗೆ ಸಾಕಾಗುತ್ತದೆ. ತೀರಾ ಹೆಚ್ಚಿದ್ದರೆ ಡಾಕ್ಟರ ಸಲಹೆ ಬೇಕು.

ಐದು ರೂಪಾಯಿ, ಹತ್ತು ರೂಪಾಯಿ ಪ್ಯಾಕೆಟ್ ತಿಂಡಿ ದಿನಾ ಕೊಡುವ ಅಭ್ಯಾಸ ನಿಲ್ಲಿಸಿ. 250 ಮಿ.ಲೀ. ಬಣ್ಣದ ತಂಪು ಪಾನೀಯದಲ್ಲಿ ಸುಮಾರು ಐದಾರು ಚಮಚ ಸಕ್ಕರೆ ಇರುತ್ತದೆ. ಬದಲಿಗೆ ಮಜ್ಜಿಗೆ, ನಿಂಬೆಹಣ್ಣಿನ ನೀರು ಕೊಡಿ. ಸಂಜೆಗೆ ಹುರಿಗಡಲೆ, ಬೇಯಿಸಿದ ಕಡಲೆಕಾಯಿ, ಸೀಬೆಹಣ್ಣು, ಮೊಳಕೆ ಕಾಳು. ಮೂಳೆಗೆ ಬೇಕಾದ ಸುಣ್ಣದ ಅಂಶ ರಾಗಿಯಲ್ಲಿ ಹೇರಳವಾಗಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ತಟ್ಟೆಯಲ್ಲಿ ಅನ್ನ ಸ್ವಲ್ಪ ಕಡಿಮೆ ಮಾಡಿ, ಸೊಪ್ಪು, ಪಲ್ಯ, ಬೇಳೆ, ಮೊಟ್ಟೆ ಹೆಚ್ಚು ಮಾಡಿ. ನಮ್ಮ ಎಷ್ಟೋ ಸಂಘಗಳು ಚಕ್ಕುಲಿ, ನಿಪ್ಪಟ್ಟು ಮಾಡಿ ಮಾರಿ ಸಂಪಾದಿಸುತ್ತವೆ. ಅದು ಹಬ್ಬಕ್ಕೆ, ನೆಂಟರಿಗೆ ಇರಲಿ. ಮಕ್ಕಳ ದಿನದ ತಿಂಡಿ ಆಗುವುದು ಬೇಡ.

ದಿನಕ್ಕೆ ಒಂದು ಗಂಟೆ ಮೈ ಬೆವರುವ ಆಟ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಗೆಲಸದಲ್ಲಿ ಹುಡುಗರನ್ನೂ ಸೇರಿಸಿಕೊಳ್ಳಿ. ಹೆಣ್ಣುಮಕ್ಕಳನ್ನು ದೊಡ್ಡವಳಾದಳು ಅಂತ ಆಟದಿಂದ ಬಿಡಿಸಬೇಡಿ. ಆದರೆ ಕುಂಟುವ ಮಗುವಿಗೆ "ತೂಕ ಇಳಿಯಲಿ, ಓಡು" ಅನ್ನುವುದು ಅಪಾಯ. ಮೊದಲು ಎಕ್ಸ್‌ರೇ, ಆಮೇಲೆ ಆಟ.

ಮಗುವನ್ನು ಡುಮ್ಮ, ಗುಂಡಿ ಅಂತ ಕರೆಯಬೇಡಿ. ತೂಕ ಮಗು ಮಾಡಿದ ತಪ್ಪಲ್ಲ. ಮನೆಯಲ್ಲಿ ಎಲ್ಲರೂ ಏನು ತಿನ್ನುತ್ತೇವೋ ಅದನ್ನೇ ಮಗು ತಿನ್ನುತ್ತದೆ. ನಾಚಿಕೆಪಟ್ಟ ಮಗು ನೋವನ್ನು ಮುಚ್ಚಿಡುತ್ತದೆ. ಹೆಣ್ಣುಮಗು ಕುಂಟಿದರೆ "ಯಾರಿಗೂ ಹೇಳಬೇಡ, ನಾಳೆ ಮದುವೆಗೆ ತೊಂದರೆ" ಅಂತ ಮುಚ್ಚಿಡುವ ಮನೆಗಳೂ ಇವೆ. ಮುಚ್ಚಿಟ್ಟರೆ ಕುಂಟು ಹೋಗುವುದಿಲ್ಲ, ಜೀವನಪೂರ್ತಿ ಉಳಿಯುತ್ತದೆ. ಬೇಗ ತೋರಿಸಿದರೆ ಆಕೆ ನೆಟ್ಟಗೆ ನಡೆಯುವ ಸಾಧ್ಯತೆ ಹೆಚ್ಚು.

ಸಂಘ ಏನು ಮಾಡಬಹುದು?

* ಸದಸ್ಯೆಯರ ಮನೆಯ ಮಕ್ಕಳ ತೂಕ, ಎತ್ತರವನ್ನು ಆರು ತಿಂಗಳಿಗೊಮ್ಮೆ ಅಳೆದು ಒಂದು ಪುಸ್ತಕದಲ್ಲಿ ಬರೆದಿಡಿ. ಸಭೆಯಲ್ಲಿ ಜೋರಾಗಿ ಓದಬೇಡಿ, ತಾಯಿಗೆ ಮಾತ್ರ ಹೇಳಿ.
* ಮಗುವಿನ ತುರ್ತು ಚಿಕಿತ್ಸೆಗೆ ವಾರದ ಸಭೆಗೆ ಕಾಯದೆ ಆಂತರಿಕ ಸಾಲ ಕೊಡುವಂತೆ ನಿರ್ಣಯ ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಗಾಡಿ ಬಾಡಿಗೆಗೆ ಹಣ ಇಲ್ಲ ಎಂಬ ಕಾರಣಕ್ಕೆ ಒಂದು ದಿನವೂ ತಡವಾಗಬಾರದು.
* ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಗಳನ್ನು ಮಕ್ಕಳಿಗೆ ಮಾರಬಾರದೆಂದು 2020ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ತಂದಿದೆ. ಶಾಲಾಭಿವೃದ್ಧಿ ಸಮಿತಿಯಲ್ಲಿರುವ ಸದಸ್ಯೆಯರು ಈ ಮಾತನ್ನು ಅಲ್ಲಿ ಎತ್ತಬಹುದು.
* ಮುಖ್ಯೋಪಾಧ್ಯಾಯರ ಜೊತೆ ಮಾತಾಡಿ. ಕುಂಟುವ ಮಗುವನ್ನು ಆಟದ ಅವಧಿಯಲ್ಲಿ ಓಡಿಸಬಾರದು, ಮನೆಯವರಿಗೆ ಅದೇ ದಿನ ತಿಳಿಸಬೇಕು ಅಂತ ಕೇಳಿಕೊಳ್ಳಿ.

ಸಭೆಯಲ್ಲಿ ಚರ್ಚೆಗೆ

1. ಮಂಡಿ ನೋವು ಅನ್ನುವ ಮಗುವಿಗೆ ಸೊಂಟದ ಎಕ್ಸ್‌ರೇ ಯಾಕೆ ಬೇಕು? ಒಬ್ಬರು ಎದ್ದು ತಮ್ಮ ಮಾತಿನಲ್ಲಿ ವಿವರಿಸಲಿ.
2. ನಮ್ಮ ಊರಿನಿಂದ ಎಕ್ಸ್‌ರೇ ಮತ್ತು ಮೂಳೆ ಡಾಕ್ಟರು ಇರುವ ಹತ್ತಿರದ ಸರಕಾರಿ ಆಸ್ಪತ್ರೆ ಯಾವುದು? ಹೋಗಲು ಎಷ್ಟು ಹೊತ್ತು ಬೇಕು?
3. ಕಳೆದ ವಾರ ನಮ್ಮ ಮಕ್ಕಳಿಗೆ ಪ್ಯಾಕೆಟ್ ತಿಂಡಿಗೆ ಎಷ್ಟು ಖರ್ಚಾಯಿತು? ಆ ಹಣಕ್ಕೆ ಎಷ್ಟು ಮೊಟ್ಟೆ, ಎಷ್ಟು ಹಣ್ಣು ಬರುತ್ತಿತ್ತು?
4. ನಮ್ಮ ಬೀದಿಯಲ್ಲಿ ಈಗ ಕುಂಟುತ್ತಿರುವ ಮಗು ಯಾವುದಾದರೂ ಇದೆಯಾ? ಆ ತಾಯಿಯ ಜೊತೆ ಆಸ್ಪತ್ರೆಗೆ ಹೋಗುವವರು ಯಾರು, ಯಾವ ದಿನ? ಸಭೆ ಮುಗಿಯುವ ಮೊದಲೇ ಇದನ್ನು ನಿರ್ಧರಿಸಿ.